ಏಳನೆಯ ನಂಬರಿನ ತಂಬಿಗೆ

ನಮ್ಮ ಊರಿನ ಬಾಸ್ಕೆಟ್‌ಬಾಲ್ ಅಂಗಳದಲ್ಲಿ ಆಡುವವರನ್ನು ಕಣ್ಣಾರೆ ಕಂಡವರು ಯಾರೂ ಇಲ್ಲ. ಆಟ ನಡೆಯುವುದು ವಾಚನಾಲಯದ ಕಂಪ್ಯೂಟರಿನಲ್ಲಿ. ಊರಿನ ನಾಲ್ಕು ಓಣಿಗಳಿಗೆ ನಾಲ್ಕು ತಂಡ, ತಂಡಕ್ಕೊಬ್ಬ ಯಜಮಾನ. ಯಜಮಾನರು ತಮ್ಮ ತಮ್ಮ ಮನೆಯಲ್ಲಿ ಕುಳಿತು, ಯಾರು ಆಡಬೇಕು, ಎಷ್ಟು ನಿಮಿಷ ಆಡಬೇಕು, ಎದುರಿನವರಲ್ಲಿ ಯಾರನ್ನು ಯಾರು ತಡೆಯಬೇಕು ಎಂದು ಫೋನಿನಲ್ಲಿ ಆಜ್ಞೆ ಬರೆದು ಕಳಿಸುತ್ತಾರೆ. ಸಂಜೆ ಐದಕ್ಕೊಂದು, ಆರಕ್ಕೊಂದು ಆಟವನ್ನು ಕಂಪ್ಯೂಟರು ತನ್ನೊಳಗೇ ಆಡಿ ಮುಗಿಸುತ್ತದೆ. ಅದೇ ಹೊತ್ತಿಗೆ ಹಳೆಯ ಹತ್ತಿ ಗೋದಾಮಿನ ಹಿಂದಿನ ಬರಿಯ ಅಂಗಳದಲ್ಲಿ ಚೆಂಡು ಪುಟಿಯುವ ಸದ್ದು ಕೇಳುತ್ತದೆ. ಬೂಟುಗಳು ನೆಲಕ್ಕೆ ಉಜ್ಜುತ್ತವೆ, ಯಾರೋ ಏದುಸಿರು ಬಿಡುತ್ತಾರೆ, ಮೇಲೆ ಬಲೆ ಅಲುಗುತ್ತದೆ. ನಲವತ್ತು ನಿಮಿಷವಾದ ಕೂಡಲೆ ಎಲ್ಲವೂ ನಿಂತುಬಿಡುತ್ತದೆ.

ಊರಿನವರು ಇದಕ್ಕೆ ಹೊಂದಿಕೊಂಡು ಬಹಳ ಕಾಲವಾಯಿತು. ಐದರಿಂದ ಏಳರವರೆಗೆ ಅಂಗಳವನ್ನು ಯಾರೂ ಅಡ್ಡ ಹಾಯುವುದಿಲ್ಲ. ಮದುವೆಯಾಗಿ ಹೊಸದಾಗಿ ಬಂದ ಸೊಸೆಯಂದಿರು ಹದಿನೈದು ದಿನ ಬೆಚ್ಚುತ್ತಾರೆ. ಆಮೇಲೆ ಯಾವ ಓಣಿ ಗೆದ್ದಿತೆಂದು ಕೇಳತೊಡಗುತ್ತಾರೆ. ಅಂಗಳದ ಪಕ್ಕದಲ್ಲೇ ಅಂಗಡಿ ಇರುವ ದರ್ಜಿ ತುಳಜಾಸಾ ಆಟಕ್ಕೆ ಮುಂಚೆ ಬೆಂಚಿನ ಮುಂದೆ ನೀರಿನ ತಂಬಿಗೆಗಳನ್ನು ಸಾಲಾಗಿ ಇಡುತ್ತಾನೆ. ಒಂದೊಂದರ ಮೇಲೂ ಕೆಂಪು ಬಣ್ಣದಲ್ಲಿ ಆಟಗಾರನ ನಂಬರು. ಆಟದಿಂದ ಹೊರಬಂದು ಬೆಂಚಿಗೆ ಕುಳಿತವನ ತಂಬಿಗೆಯಲ್ಲಿ ನೀರು ಮೆಲ್ಲಗೆ ಇಳಿಯುತ್ತದೆ. ಆ ಬೆಂಚನ್ನು ಮಂಜೂರು ಮಾಡಿಸುವಾಗ ‘ಯಾರ ಉಪಯೋಗಕ್ಕಾಗಿ’ ಎಂಬಲ್ಲಿ ‘ಆಟಗಾರರ ಉಪಯೋಗಕ್ಕಾಗಿ’ ಎಂದು ಬರೆದವನು ನಾನೇ. ಮೇಲಿನವರು ಏನೂ ಕೇಳಲಿಲ್ಲ.

ನನ್ನ ಹೆಸರು ಬಸಲಿಂಗಪ್ಪ. ನಗರಸಭೆಯಲ್ಲಿ ಮೂವತ್ತೆರಡು ವರ್ಷ ಗುಮಾಸ್ತನಾಗಿದ್ದೆ. ನೋಟೀಸು, ಷರತ್ತು, ಉಪನಿಯಮಗಳನ್ನು ಬರೆಯುವುದು ನನ್ನ ಕೆಲಸ. ನಾನು ಬರೆದ ನಿಯಮದಲ್ಲಿ ನುಸುಳಿ ಹೋಗಲು ಸಂದಿ ಇರುವುದಿಲ್ಲವೆಂದು ಹೆಸರಾಗಿದ್ದೆ. ನಿವೃತ್ತನಾಗಿ ಹದಿನಾಲ್ಕು ವರ್ಷವಾಯಿತು. ನನ್ನ ಹೆಂಡತಿ ಗುರುಸಿದ್ದವ್ವ ತೀರಿಕೊಂಡು ಹನ್ನೊಂದು ತಿಂಗಳಾಯಿತು. ಆಟ ಬಲ್ಲವಳು ಅವಳು, ನಾನಲ್ಲ. ಒಂಬತ್ತು ವರ್ಷ ಗಾಣಿಗರ ಓಣಿಯ ತಂಡ ಅವಳ ಕೈಯಲ್ಲಿತ್ತು. ಸಂಜೆ ಗೋದಾಮಿನ ಗೋಡೆಗೆ ಒರಗಿ, ಕೌದಿ ಹೊಲಿಯುತ್ತ, ಸದ್ದಿನ ಮೇಲೆಯೇ ಆಟ ಹೇಳುತ್ತಿದ್ದಳು. ಅವಳಿಗೆ ಅಚ್ಚುಮೆಚ್ಚಿನವನು ಏಳನೆಯ ನಂಬರಿನ ಅಡಿವೆಪ್ಪ. ಚೆಂಡನ್ನು ಎರಡು ಸಲ ತಗ್ಗಾಗಿ, ಒಂದು ಸಲ ಎತ್ತರವಾಗಿ ಪುಟಿಸಿದನೆಂದರೆ ಇನ್ನೊಬ್ಬನಿಗೆ ಸಾಗಿಸುತ್ತಾನೆಂದು ಅರ್ಥ. ಅದನ್ನು ಗುರುತಿಸಲು ನನಗೂ ಕಲಿಸಿದ್ದಳು. ಮಣ್ಣಿನಲ್ಲಿ ಅವಳನ್ನು ಕೂರಿಸಿದ ದಿನ ಅವಳ ಇಷ್ಟಲಿಂಗ ಅಂಗೈಯಲ್ಲಿ ಅವಳ ಸಂಗಡವೇ ಹೋಯಿತು. ಫೋನು ಮನೆಯಲ್ಲಿ ಉಳಿಯಿತು. ಬೆಳಗಿನ ಪೂಜೆ ಮುಗಿಸಿ, ವಿಭೂತಿಯ ಕೈ ತೊಳೆದುಕೊಂಡು, ನಾನು ಅದನ್ನು ದಿನವೂ ಚಾರ್ಜಿಗೆ ಹಾಕುತ್ತೇನೆ.

ನಮ್ಮ ಆಟದಲ್ಲಿ ಒಂದು ಪದ್ಧತಿ ಇದೆ. ಯಜಮಾನ ಹೊಸ ಆಜ್ಞೆ ಕೊಡದಿದ್ದರೆ ಹಳೆಯ ಆಜ್ಞೆಯೇ ನಡೆಯುತ್ತದೆ. ಅದರಂತೆ ಗಾಣಿಗರ ಓಣಿಯ ತಂಡ ಹನ್ನೊಂದು ತಿಂಗಳಿಂದ ಗುರುಸಿದ್ದವ್ವನ ಕೊನೆಯ ಆಜ್ಞೆಯ ಮೇಲೆ ಆಡುತ್ತಿತ್ತು. ಅಡಿವೆಪ್ಪ ಪೂರ್ತಿ ನಲವತ್ತು ನಿಮಿಷ ಆಡತಕ್ಕದ್ದು ಎಂದು ಆ ಆಜ್ಞೆ. ತಂಡ ಗೆಲ್ಲುತ್ತಲೂ ಇತ್ತು. ಪಟ್ಟಿಯಲ್ಲಿ ಯಜಮಾನರ ಹೆಸರಿನ ಎದುರಿಗೆ ಇನ್ನೂ ಅವಳ ಹೆಸರೇ ಇತ್ತು. ಊರಿನವರು ದೊಡ್ಡ ಮನಸ್ಸು ಮಾಡಿ ಆ ಮಾತು ಎತ್ತಿರಲಿಲ್ಲ. ನಾನು ಅಂಗಳದ ಕಡೆಗೆ ಹೋಗುವುದನ್ನು ಬಿಟ್ಟಿದ್ದೆ. ದಿನವೂ ರಾತ್ರಿ ಊಟಕ್ಕೆ ಮುಂಚೆ ಫಲಿತಾಂಶ ನೋಡುತ್ತಿದ್ದೆ. ಅವಳು ಗೆದ್ದಳು ಎಂದುಕೊಂಡು ಎರಡು ತುತ್ತು ಉಣ್ಣುತ್ತಿದ್ದೆ.

ನಿಯಮ ಬದಲಾಗಬೇಕೆಂದು ಹಠ ಹಿಡಿದವನು ತುಳಜಾಸಾ. ವಾಚನಾಲಯ ನೋಡಿಕೊಳ್ಳುವ ರಿಹಾನಾಳನ್ನು ಕರೆದುಕೊಂಡು ಒಂದು ಭಾನುವಾರ ನಮ್ಮ ಮನೆಗೆ ಬಂದ. ಈ ಆಟದ ಪ್ರೋಗ್ರಾಮನ್ನು ಹಿಂದೆ ಗಣಿತದ ಮೇಷ್ಟರೊಬ್ಬರು ಬರೆದುಕೊಟ್ಟಿದ್ದರು. ಅವರ ಲೆಕ್ಕದಲ್ಲಿ ಆಯಾಸವೆಂಬುದು ಇರಲಿಲ್ಲ. ವಯಸ್ಸಾಗುವುದಿಲ್ಲ, ಕಾಲು ಉಳುಕುವುದಿಲ್ಲ, ನಡುವೆ ವಿರಾಮವಿಲ್ಲ. ಮೊದಲ ನಿಮಿಷಕ್ಕೆ ಎಷ್ಟು ಚೆನ್ನಾಗಿ ಎಸೆಯುತ್ತಾನೋ ನಲವತ್ತನೆಯ ನಿಮಿಷಕ್ಕೂ ಅಷ್ಟೇ ಚೆನ್ನಾಗಿ ಎಸೆಯುತ್ತಾನೆ. ಇದು ಆಟವೇ ಅಲ್ಲವೆಂದು ತುಳಜಾಸಾನ ವಾದ. ಪ್ರೋಗ್ರಾಮನ್ನು ತಾನು ತಿದ್ದಬಲ್ಲೆ, ಆದರೆ ಏನು ತಿದ್ದಬೇಕೆಂದು ಯಾರಾದರೂ ಸ್ಪಷ್ಟವಾಗಿ ಬರೆದುಕೊಡಬೇಕು ಎಂದು ರಿಹಾನಾ ಹೇಳಿದಳು. ನನಗೆ ಮನಸ್ಸಿರಲಿಲ್ಲ. ಆದರೆ ಮನೆಗೆ ಬಂದು ಕೇಳಿದವರಿಗೆ ಇಲ್ಲವೆನ್ನಲೂ ಶಕ್ತಿ ಬೇಕು. ಅದು ನನ್ನಲ್ಲಿ ಇರಲಿಲ್ಲ.

ಮುಂದಿನ ನಾಲ್ಕು ಭಾನುವಾರ ವಾಚನಾಲಯದಲ್ಲಿ ಕುಳಿತೆವು. ರಿಹಾನಾ, ತುಳಜಾಸಾ, ನಾನು, ಮತ್ತು ಕೋಟೆ ಓಣಿ ತಂಡದ ಯಜಮಾನ ಫಕ್ಕೀರಗೌಡ. ಗೌಡನಿಗೆ ಈ ಬದಲಾವಣೆ ಬೇಡವಾಗಿತ್ತು. ಅವನ ಐದನೆಯ ನಂಬರಿನವನೂ ಒಂದು ನಿಮಿಷ ಕೂರದೆ ಆಡುವವನು.

“ಕಂಪ್ಯೂಟರಿನಾಗಿನ ಮಂದಿಗೆ ಮೊಣಕಾಲು ಎಲ್ಲಿಂದ ಬಂದುವೋ ತುಳಜಾಸಾ,” ಎಂದ ಗೌಡ.

“ನಿನ್ನ ಐದನೇ ನಂಬರ್ದಾಂವಗ ಅದಾವಪಾ. ದಿನಾ ಸಂಜಿಮುಂದ ಕಟಕಟ ಅಂತಾವ. ಫೋನಿನಾಗ ಅಂಕಿ ಚೊಲೋ ಕಾಣಸ್ತಾವು. ಒಂದಿನ ನನ್ನ ಅಂಗಡಿಗೆ ಬಂದು ಕುಂದರು, ಗೊತ್ತಾಗತೈತಿ.”

ಗೌಡ ತನ್ನ ಫೋನನ್ನು ಮಗುಚಿ ಮೇಜಿನ ಮೇಲಿಟ್ಟ. ಅವನೂ ಅಂಗಳಕ್ಕೆ ಹೋಗದೆ ಬಹಳ ದಿನವಾಗಿತ್ತೆಂದು ಕಾಣುತ್ತದೆ.

ನಾವು ಮೊದಲು ಉಸಿರಿನ ಲೆಕ್ಕ ಹಾಕಿದೆವು. ಪ್ರತಿ ಆಟಗಾರನಿಗೂ ನೂರು ಪಾಲು ಉಸಿರು. ಒಂದು ನಿಮಿಷ ಆಡಿದರೆ ಮೂರು ಪಾಲು ಹೋಗತಕ್ಕದ್ದು. ಓಡಿ ಎದುರಿನವನನ್ನು ತಡೆಯುವವನಿಗೆ ನಾಲ್ಕು. ಒಂದು ನಿಮಿಷ ಕುಳಿತರೆ ಎರಡು ಪಾಲು ಮರಳಿ ಬರತಕ್ಕದ್ದು. ಉಸಿರು ಮೂವತ್ತು ಪಾಲಿಗಿಂತ ಕಡಿಮೆಯಾದವನ ಎಸೆತ ಗುರಿ ತಪ್ಪಬೇಕು, ಅವನ ಕಾಲು ಉಳುಕುವ ಸಂಭವ ಹೆಚ್ಚಬೇಕು. ಹತ್ತು ಹತ್ತು ನಿಮಿಷದ ನಾಲ್ಕು ಭಾಗಗಳ ನಡುವೆ ವಿರಾಮ ಇರಬೇಕು. ನಿನ್ನೆಯ ದಣಿವಿನಲ್ಲಿ ಸ್ವಲ್ಪ ಇವತ್ತಿಗೂ ಉಳಿಯಬೇಕು. ಇದನ್ನು ತುಳಜಾಸಾ ಹೇಳಿದಾಗ ರಿಹಾನಾ ಎಷ್ಟು ಉಳಿಯಬೇಕೆಂದು ಕೇಳಿದಳು. ಅವನು ತನ್ನ ಸೊಂಟ ಮುಟ್ಟಿ ನೋಡಿಕೊಂಡು, ಐದರಲ್ಲೊಂದು ಪಾಲು ಎಂದ. ಹಾಗೆಯೇ ಬರೆದೆ.

ವಯಸ್ಸಿನ ವಿಷಯದಲ್ಲಿ ನನಗೂ ರಿಹಾನಾಳಿಗೂ ವಾದವಾಯಿತು. ಮೂವತ್ತು ದಾಟಿದವನ ಎಲ್ಲ ಗುಣವೂ ವರ್ಷಕ್ಕಿಷ್ಟು ಇಳಿಯಲಿ ಎಂದು ಅವಳು. ಹಾಗಲ್ಲವೆಂದು ನಾನು. ಓಟ ಇಳಿಯಲಿ, ಜಿಗಿತ ಇಳಿಯಲಿ. ಆದರೆ ಯಾರು ಎಲ್ಲಿ ನಿಂತಿದ್ದಾರೆ, ಚೆಂಡು ಯಾರಿಗೆ ಹೋಗಬೇಕು ಎಂದು ಕಾಣುವ ಗುಣ ಮೂವತ್ತೆಂಟರವರೆಗೆ ಏರುತ್ತಲೇ ಇರಬೇಕು. ಗುರುಸಿದ್ದವ್ವ ಹೀಗೆ ಹೇಳುತ್ತಿದ್ದಳೆಂದು ನಾನು ಹೇಳಲಿಲ್ಲ.

“ಅಜ್ಜಾರ, ಇದು ಆಟಗಾರರ ಮಾತೋ ನಿಮ್ಮ ಮಾತೋ?” ಎಂದು ರಿಹಾನಾ ನಕ್ಕಳು.

“ಇಬ್ಬರದೂ ಬರಕೋಳವ್ವಾ,” ಎಂದೆ.

ಹೀಗೆ ಹದಿನೆಂಟು ನಿಯಮ ತೊಡಕಿಲ್ಲದೆ ಮುಗಿದವು. ಬಹಳ ದಿನದ ಮೇಲೆ ಲೇಖನಿ ಹಿಡಿದ ಕೈಗೆ ಒಂದು ಬಗೆಯ ಸಮಾಧಾನವೂ ಆಗಿತ್ತು. ಹತ್ತೊಂಬತ್ತನೆಯದು ರಿಹಾನಾ ತಾನೇ ಬರೆದು ತಂದಿದ್ದಳು. ಯಜಮಾನರು ಊರಲ್ಲಿ ಇಲ್ಲದಿದ್ದರೆ ಅಥವಾ ತೀರಿಕೊಂಡರೆ, ಅವರ ಕೊನೆಯ ಆಜ್ಞೆ ಎಷ್ಟು ದಿನ ನಡೆಯಬೇಕು? ಆ ದಿನಗಳು ಕಳೆದ ಮೇಲೆ ಕಂಪ್ಯೂಟರು ತಾನೇ ಆಟಗಾರರನ್ನು ಸರದಿಯ ಮೇಲೆ ಕೂರಿಸಬೇಕು. ಇದನ್ನು ಓದುವಾಗ ಅವಳು ನನ್ನ ಮುಖ ನೋಡಲಿಲ್ಲ.

ನಲವತ್ತು ದಿನ ಇರಲಿ, ನಮ್ಮಲ್ಲಿ ತೀರಿಕೊಂಡವರನ್ನು ಅಷ್ಟು ದಿನ ನೆನೆಯುತ್ತೇವೆ ಎಂದಳು ರಿಹಾನಾ. ಹದಿಮೂರು ಸಾಕೆಂದ ತುಳಜಾಸಾ. ಅದೇ ದಿನ ನಿಲ್ಲಲಿ ಎಂದು ಫಕ್ಕೀರಗೌಡ ಹೇಳಿ, ನನ್ನ ಕಡೆ ತಿರುಗಿ ದನಿ ಇಳಿಸಿದ. “ತಪ್ಪು ತಿಳ್ಕೋಬ್ಯಾಡ್ರಿ ಬಸಲಿಂಗಪ್ಪಣ್ಣಾರ. ಅಕ್ಕಾರ ಇದ್ದಾಗೂ ಅವ್ರ ಕಡೆ ಸೋತೇನಿ, ಈಗೂ ಸೋಲಾಕತ್ತೇನಿ. ನನಗ ರೂಢಿ ಆಗೇತಿ. ಮನ್ಯಾಗ ಹೇಣ್ತಿ ನಗತಾಳ, ಅದಕ್ಕ ಹೇಳಿದೆ.”

ನಾನು ಆ ಹಾಳೆಯನ್ನು ಮಡಿಚಿ ಅಂಗಿಯ ಜೇಬಿಗೆ ಹಾಕಿಕೊಂಡೆ. ಇಂಥ ನಿಯಮದ ಅಗತ್ಯವಿಲ್ಲ, ಇರುವ ಪದ್ಧತಿಯೇ ಇರಲಿ ಎಂದೆ. ಮೂವತ್ತೆರಡು ವರ್ಷದ ನೌಕರಿಯಲ್ಲಿ ಕಾರಣ ಕೊಡದೆ ಒಂದು ಕಲಮನ್ನೂ ತೆಗೆದುಹಾಕಿದವನಲ್ಲ ನಾನು. ಅಂದು ಹಾಗೆ ಮಾಡಿದೆ. ನನಗೆ ಅವರ ಮೇಲೆ ಸಿಟ್ಟು ಬರಲಿಲ್ಲ. ಬರೀ ದಣಿವಾಯಿತು.

ಎದ್ದು ಹೊರಟಾಗ ತುಳಜಾಸಾ ಹಿಂದೆಯೇ ಬಂದ. ನಿಯಮದ ಮಾತಾಡಲಿಲ್ಲ. ಅಂಗಿಯ ಅಳತೆ ಕೊಟ್ಟು ಎರಡು ವರ್ಷವಾಯಿತು, ಈಗ ಸೊರಗಿದ್ದೀರಿ, ನಾಳೆ ಸಂಜೆ ಅಂಗಡಿಗೆ ಬನ್ನಿ, ಹೊಸದಾಗಿ ಅಳೆಯುತ್ತೇನೆ ಎಂದ. ಕರೆಯುವುದು ಯಾತಕ್ಕೆಂದು ನನಗೆ ತಿಳಿಯದೆ ಇರಲಿಲ್ಲ. ಆದರೂ ಹೋದೆ.

ಅವನು ಎರಡು ಭುಜ ಅಳೆದು, ಟೇಪನ್ನು ಕೊರಳಿಗೆ ಹಾಕಿಕೊಂಡು, ಬಾಗಿಲಿನ ಪಕ್ಕದ ಸ್ಟೂಲಿನ ಮೇಲೆ ನನ್ನನ್ನು ಕೂರಿಸಿದ. ಆರು ಗಂಟೆ. ಗಾಣಿಗರ ಓಣಿಗೂ ಕೋಟೆ ಓಣಿಗೂ ಆಟ. ಅಂಗಳದಲ್ಲಿ ಬಿಸಿಲು ಇನ್ನೂ ಇತ್ತು. ಮೊದಲ ಸದ್ದಿಗೇ ನಾನು ಅವನನ್ನು ಗುರುತಿಸಿದೆ. ಎರಡು ಸಲ ತಗ್ಗಾಗಿ, ಒಂದು ಸಲ ಎತ್ತರವಾಗಿ. ನನಗೆ ಅರಿವಿಲ್ಲದೆ ಕಣ್ಣು ಗೋದಾಮಿನ ಗೋಡೆಯ ಕಡೆ ಹೋಯಿತು. ಅಲ್ಲಿ ಯಾರೂ ಇರಲಿಲ್ಲ.

ಹತ್ತು ನಿಮಿಷ ಕಳೆದ ಮೇಲೆ ಒಂದು ಕಾಲು ನೆಲವನ್ನು ಎಳೆಯುವ ಸದ್ದು ಕೇಳತೊಡಗಿತು. ಉಳಿದವರ ಬೂಟು ಚಿರ್ ಎನ್ನುತ್ತದೆ, ಇದು ಹಾಗಲ್ಲ. ಗೋಣಿಚೀಲ ಎಳೆದ ಹಾಗೆ. ಎರಡು ಸಲ ತಗ್ಗಾಗಿ ಪುಟಿಯಿತು, ಮೂರನೆಯದು ಏಳಲಿಲ್ಲ. ಆದರೂ ಚೆಂಡು ಹೋಗಬೇಕಾದಲ್ಲಿಗೆ ಹೋಯಿತು, ಬಲೆ ಅಲುಗಿತು. ಫೋನಿನಲ್ಲಿ ಅವನ ಹೆಸರಿನ ಎದುರಿಗೆ ಇನ್ನೊಂದು ಅಂಕ ಏರಿರಬೇಕು. ಉಸಿರು ಕೇಳುತ್ತಿತ್ತು. ಅಂಥ ಉಸಿರನ್ನು ನಾನು ಒಂದೇ ಒಂದು ಸಲ ಕೇಳಿದ್ದೆ, ಆಸ್ಪತ್ರೆಯಲ್ಲಿ, ಮೂರು ದಿನ.

ಗಾಣಿಗರ ಓಣಿಯ ಬೆಂಚಿನ ಮುಂದೆ ಎಂಟು ತಂಬಿಗೆ ಇದ್ದವು. ಐದರಲ್ಲಿ ನೀರು ತಳ ಕಂಡಿತ್ತು, ಎರಡರಲ್ಲಿ ಅರ್ಧ. ಏಳನೆಯ ನಂಬರಿನದು ಅಂಚಿನವರೆಗೆ ತುಂಬಿತ್ತು. ಅದರಲ್ಲಿ ಒಂದು ಬೇವಿನ ಎಲೆ ಬಿದ್ದು ತೇಲುತ್ತಿತ್ತು.

“ಹನ್ನೊಂದು ತಿಂಗಳಾತ್ರಿ ಅಣ್ಣಾರ,” ಎಂದ ತುಳಜಾಸಾ. “ದಿನಾ ತುಂಬಿ ಇಡತೇನಿ. ದಿನಾ ಮುಂಜಾನೆ ಹಂಗ ಗಿಡಕ್ಕ ಸುರೀತೇನಿ. ಆಂವ ಒಂದ ದಿನಾನೂ ಕುಂತಿಲ್ಲ.”

ಆಟ ಮುಗಿಯುವವರೆಗೆ ನಾನು ಅಲ್ಲಿಂದ ಏಳಲಿಲ್ಲ. ಗಾಣಿಗರ ಓಣಿ ನಾಲ್ಕು ಅಂಕಗಳಿಂದ ಗೆದ್ದಿತು.

ಮರುದಿನ ಪೂಜೆಗೆ ಕುಳಿತೆ. ಅಂಗೈಯ ಲಿಂಗದ ಮೇಲೆ ದೃಷ್ಟಿ ನಿಲ್ಲಲಿಲ್ಲ. ಐವತ್ತು ವರ್ಷದಲ್ಲಿ ಹೀಗಾಗಿರಲಿಲ್ಲ. ಅವಳು ಹೋದ ಮರುದಿನವೂ ನಿಂತಿತ್ತು. ಆ ಕಾಲು ಎಳೆಯುವ ಸದ್ದು ಕಿವಿಯಲ್ಲಿ ಇತ್ತು. ಶಿವನೇ, ನಾನು ನಿನ್ನ ಹತ್ತಿರ ಸುಳ್ಳು ಹೇಳಿಕೊಂಡು ಕುಳಿತಿದ್ದೇನೆ ಎಂದು ಬಾಯಿಬಿಟ್ಟೇ ಹೇಳಿದೆ. ಪೂಜೆ ಮುಗಿಸಿ, ಫೋನನ್ನು ಚಾರ್ಜಿನಿಂದ ತೆಗೆದು, ಜೇಬಿನಲ್ಲಿದ್ದ ಹಾಳೆಯ ಜೊತೆಗೆ ಇಟ್ಟುಕೊಂಡು ವಾಚನಾಲಯಕ್ಕೆ ಹೋದೆ.

ರಿಹಾನಾ ಒಬ್ಬಳೇ ಇದ್ದಳು. ದಿನಪತ್ರಿಕೆಗಳನ್ನು ಕೋಲಿಗೆ ಸಿಕ್ಕಿಸುತ್ತಿದ್ದಳು. ನನ್ನನ್ನು ನೋಡಿ ಕುರ್ಚಿ ಎಳೆದಳು. ಆಸ್ಪತ್ರೆಯ ಸಂಗತಿಯನ್ನು ಯಾರಿಗೂ ಹೇಳಿರಲಿಲ್ಲ, ಅವಳಿಗೆ ಹೇಳಿದೆ. ಗುರುಸಿದ್ದವ್ವನ ಕೈ ಆಗ ಫೋನು ಹಿಡಿಯುವ ಸ್ಥಿತಿಯಲ್ಲಿ ಇರಲಿಲ್ಲ. ಮರುದಿನ ಕೋಟೆ ಓಣಿಯ ಮೇಲೆ ಕೊನೆಯ ಆಟ, ಆ ವರ್ಷದ ಗೆಲುವು ಯಾರದೆಂದು ತೀರ್ಮಾನವಾಗುವ ಆಟ. ಅವಳು ಹೇಳಿದಳು, ನಾನು ಒಂದೇ ಬೆರಳಿನಿಂದ ಬರೆದೆ. ಅವಳ ಕೊನೆಯ ಆಜ್ಞೆ ಎಂದು ಊರೆಲ್ಲ ತಿಳಿದಿರುವುದು ನನ್ನ ಬೆರಳು ಬರೆದದ್ದು.

“ಆಕಿ ಏನಂದ್ಲು, ಪೂರಾ ಹೇಳತೇನಿ ಕೇಳವ್ವಾ,” ಎಂದೆ. “‘ಅಡಿವೆಪ್ಪನ್ನ ನಲವತ್ತ ನಿಮಿಷಾನೂ ಆಡಸ್ರಿ. ನಾಳೆ ಒಂದ ದಿನ. ಆಮ್ಯಾಲ ಕುಂದರಸ್ರಿ ಅವನ್ನ, ದಣದಾನ.’ ಇಷ್ಟ ಅಂದ್ಲು. ನಾ ಮೊದಲಿನದಷ್ಟ ಬರದೆ.”

ಮರುದಿನ ಮಧ್ಯಾಹ್ನ, ಆಟಕ್ಕೆ ಮುಂಚೆ, ಅವಳು ಹೋದಳು. ಗೆದ್ದದ್ದು ಅವಳಿಗೆ ತಿಳಿಯಲಿಲ್ಲ. ಆಮೇಲೆ ಎಂದು ಅವಳು ಹೇಳಿದ ದಿನ ಬಂದಾಗ ನಾವು ಅವಳನ್ನು ಮಣ್ಣಿನಲ್ಲಿ ಕೂರಿಸುತ್ತಿದ್ದೆವು. ಅದರ ಮರುದಿನ ಫೋನು ಕೈಗೆತ್ತಿಕೊಂಡೆ. ಆ ಪುಟದಲ್ಲಿ ಅವಳ ಹೆಸರು, ಅವಳ ತಾರೀಕು. ನಾನು ಒಂದು ಅಕ್ಷರ ಮುಟ್ಟಿದರೆ ತಾರೀಕು ಬದಲಾಗುತ್ತದೆ. ಮುಟ್ಟಲಿಲ್ಲ. ಅದಕ್ಕೆ ನಾನು ಅವಳ ಮಾತು ಉಳಿಸಿಕೊಳ್ಳುವುದು ಎಂದು ಹೆಸರು ಕೊಟ್ಟೆ. ಅರ್ಧ ಮಾತನ್ನು ಉಳಿಸಿಕೊಂಡು, ಇನ್ನರ್ಧವನ್ನು ಅವಳ ಸಂಗಡ ಹೂಳಿದ್ದೆ.

ರಿಹಾನಾ ಕೈಯಲ್ಲಿದ್ದ ಪತ್ರಿಕೆಯನ್ನು ಕೋಲಿಗೆ ಸಿಕ್ಕಿಸಿ ಮುಗಿಸಿದಳು. ಆಮೇಲೆ, ನಿಯಮ ಜಾರಿಯಾದರೆ ಕಂಪ್ಯೂಟರೇ ಅವನನ್ನು ಕೂರಿಸುತ್ತದೆ, ನೀವು ಮುಟ್ಟುವ ಕೆಲಸವಿಲ್ಲ, ನಾಳೆಯೇ ಮಾಡಿಬಿಡುತ್ತೇನೆ ಎಂದು ಮೆಲ್ಲಗೆ ಹೇಳಿದಳು. ಅವಳ ಮನಸ್ಸು ಒಳ್ಳೆಯದು. ಆದರೆ ಕಂಪ್ಯೂಟರಿಗೆ ಗುರುಸಿದ್ದವ್ವ ಏನೂ ಹೇಳಿರಲಿಲ್ಲ. ಹೇಳಿದ್ದು ನನಗೆ.

ಅಲ್ಲಿಯೇ ಕುಳಿತು ಹತ್ತೊಂಬತ್ತನೆಯ ನಿಯಮವನ್ನು ಬರೆದೆ. ‘ಯಜಮಾನರು ತೀರಿಕೊಂಡ ಪಕ್ಷದಲ್ಲಿ, ಅವರ ಕೊನೆಯ ಆಜ್ಞೆಯು ಹನ್ನೊಂದು ದಿನಗಳವರೆಗೆ ಮಾತ್ರ ನಡೆಯತಕ್ಕದ್ದು. ಅಷ್ಟರೊಳಗೆ ಮನೆಯವರು ಆಜ್ಞೆಯನ್ನು ಬದಲಿಸಬಹುದು. ಬದಲಿಸಲು ಮನಸ್ಸು ಬಾರದಿದ್ದಲ್ಲಿ, ಹನ್ನೆರಡನೆಯ ದಿನ ಎಲ್ಲ ಆಟಗಾರರನ್ನು ಸರದಿಯ ಮೇಲೆ ಒಮ್ಮೊಮ್ಮೆ ಕೂರಿಸತಕ್ಕದ್ದು.’ ಮನಸ್ಸು ಬಾರದಿದ್ದಲ್ಲಿ ಎಂಬ ಮಾತನ್ನು ನಾನು ಹಿಂದೆ ಯಾವ ನಿಯಮದಲ್ಲೂ ಬರೆದಿರಲಿಲ್ಲ. ಅಳೆಯಲಾಗದ್ದನ್ನು ನಿಯಮದಲ್ಲಿ ತರಬಾರದೆಂದು ಕಿರಿಯರಿಗೆ ಪಾಠ ಹೇಳಿದವನು ನಾನು. ಓದಿ ನೋಡಿದೆ, ಹೊಡೆದು ಹಾಕಲಿಲ್ಲ. ಹನ್ನೊಂದು ಯಾಕೆಂದು ರಿಹಾನಾ ಕೇಳಲಿಲ್ಲ. ನಮ್ಮಲ್ಲಿ ಅವಳ ಹೆಸರಿನಲ್ಲಿ ಗಣಾರಾಧನೆ ಮಾಡಿ ಜನಕ್ಕೆ ಉಣ್ಣಿಸಿದ್ದು ಹನ್ನೊಂದನೆಯ ದಿನ.

ಸಂಜೆ ಐದೂವರೆಗೆ ಅಂಗಳಕ್ಕೆ ಹೋದೆ. ಅಂದೂ ಆರಕ್ಕೆ ನಮ್ಮ ಓಣಿಗೆ ಕೋಟೆ ಓಣಿಯ ಮೇಲೆಯೇ ಆಟ. ಐದರ ಆಟ ಅಂಗಳದಲ್ಲಿ ಇನ್ನೂ ನಡೆಯುತ್ತಿತ್ತು. ಅದು ಮುಗಿದ ಮೇಲೆ ತುಳಜಾಸಾ ಗಾಣಿಗರ ಓಣಿಯ ತಂಬಿಗೆಗಳನ್ನು ಇಡುತ್ತಿದ್ದ. ಏಳನೆಯದನ್ನು ನಾನು ಕೇಳಿ ಇಸಿದುಕೊಂಡು, ನಲ್ಲಿಗೆ ಹಿಡಿದು ತೊಳೆದು, ತುಂಬಿ ತಂದು ಇಟ್ಟೆ. ಬೆಂಚಿನ ಒಂದು ತುದಿಗೆ ನಾನು ಕುಳಿತೆ. ಅಲ್ಲಿ ಕೂರುವ ಪದ್ಧತಿಯಿಲ್ಲ. ಯಾರೂ ಏಳೆನ್ನಲಿಲ್ಲ. ದಾರಿಯಲ್ಲಿ ಹೋಗುತ್ತಿದ್ದ ಫಕ್ಕೀರಗೌಡ ಸೈಕಲ್ಲು ನಿಲ್ಲಿಸಿ, ನನ್ನನ್ನೂ ನನ್ನ ಕೈಯಲ್ಲಿದ್ದ ಫೋನನ್ನೂ ನೋಡಿ, ತಲೆಯ ಮೇಲಿನ ಟೋಪಿ ತೆಗೆದು ಹಿಡಿದುಕೊಂಡ.

ಆರಕ್ಕೆ ನಾಲ್ಕು ನಿಮಿಷವಿತ್ತು. ಅವಳ ಪುಟ ತೆರೆದೆ. ಅಡಿವೆಪ್ಪ ಎಂಬಲ್ಲಿ ನಲವತ್ತು ಎಂದಿತ್ತು. ನಲವತ್ತನ್ನು ಅಳಿಸಿ ಸೊನ್ನೆ ಬರೆದೆ. ನನ್ನ ಬೆರಳಿಗೆ ಈಗಲೂ ಆ ಕೆಲಸ ಸರಿಯಾಗಿ ಬರುವುದಿಲ್ಲ, ಎರಡು ಸಲ ತಪ್ಪಿತು. ಕಳಿಸುವ ಗುಂಡಿ ಒತ್ತಿದೆ. ಅವಳ ತಾರೀಕು ಹೋಗಿ ಈ ಹೊತ್ತಿನ ತಾರೀಕು ಬಂತು. ನಾನು ಹೆದರಿದ್ದಷ್ಟು ಏನೂ ಆಗಲಿಲ್ಲ. ಹೆಸರು ಅವಳದೇ ಉಳಿದಿತ್ತು.

ಆರಾಯಿತು. ಅಂಗಳದ ನಡುವೆ ಚೆಂಡು ಎದ್ದಿತು. ಐದು ಜೊತೆ ಬೂಟು ಈ ಕಡೆಯವು, ಐದು ಆ ಕಡೆಯವು; ಎಳೆಯುವ ಕಾಲು ಅವುಗಳಲ್ಲಿ ಇರಲಿಲ್ಲ. ನಾನು ಕಾಯುತ್ತ ಕುಳಿತೆ. ಸ್ವಲ್ಪ ಹೊತ್ತಿಗೆ ಬೆಂಚಿನ ಇನ್ನೊಂದು ತುದಿ ಕಿರ್ರೆಂದು ತಗ್ಗಿತು. ಯಾರೋ ಬಹಳ ಭಾರವಾಗಿ, ಮೊಣಕಾಲಿಗೆ ಕೈ ಊರಿ, ಕುಳಿತುಕೊಂಡ ಹಾಗೆ. ಉಸಿರು ಮೊದಲು ಬಿರುಸಾಗಿತ್ತು. ಅದು ಇಳಿಯಲು ಬಹಳ ಹೊತ್ತು ಹಿಡಿಯಿತು; ಅಷ್ಟರಲ್ಲಿ ಕೋಟೆ ಓಣಿಯವರು ಹದಿನಾರು ಅಂಕ ಮುಂದಾಗಿದ್ದರು. ಗೌಡ ಕೂಗಲಿಲ್ಲ.

ನಾನು ಬಗ್ಗಿ ಏಳನೆಯ ತಂಬಿಗೆಯನ್ನು ಅವನ ಕಡೆಗೆ ಸರಿಸಿದೆ. ನೀರು ಅಂಚಿನಿಂದ ಒಂದು ಬೆರಳು ಇಳಿಯಿತು. ನಿಂತಿತು. ಮತ್ತೆ ಇಳಿಯತೊಡಗಿತು.